ನಾದಿನಿಯ ಮಡಚುಕಿವಿ ಬೆಕ್ಕು

ಮುಂಬೈಯ ವಡಾಲದ ನಮ್ಮ ಬಿಲ್ಡಿಂಗಿನಲ್ಲೇ, ನಮಗಿಂತ ಮೇಲಿನ ಮಹಡಿಯಲ್ಲಿ ನನ್ನ ನಾದಿನಿಯ ಮನೆ. ಹೋದ ವರ್ಷ ಅವಳು ಮಡಚಿದ ಕಿವಿಯ ಹೆಣ್ಣು ಬೆಕ್ಕೊಂದನ್ನು ತಂದಳು. ಕಿವಿಗಳು ತಲೆಗೆ ಅಂಟಿಕೊಂಡು ಮುಖ ಗೂಬೆಯ ಹಾಗೆ ಗುಂಡಗೆ. ಗೋಡೆಗೆ ಬೆನ್ನು ಕೊಟ್ಟು, ಹಿಂಗಾಲು ಮುಂದೆ ಚಾಚಿ ಮನುಷ್ಯರಂತೆ ಕೂರುತ್ತಿತ್ತು. ಬಿಲ್ಡಿಂಗಿನವರೆಲ್ಲ ಫೋಟೊ ತೆಗೆದದ್ದೇ ತೆಗೆದದ್ದು. ಮರಿ ಹಾಕಿಸಿ ಮಾರಬೇಕೆಂಬುದು ನಾದಿನಿಯ ಆಸೆ.

ಮದುವೆಯೊಂದಕ್ಕೆ ಉಡುಪಿಗೆ ಹೋಗುವಾಗ ಬೆಕ್ಕನ್ನು ನನ್ನಲ್ಲಿ ಬಿಟ್ಟಳು. ಅದು ಕಿಟಕಿಯ ಕೆಳಗೆ ನಿಂತು ಮೇಲೆ ನೋಡುತ್ತಿತ್ತೇ ಹೊರತು ಹಾರುತ್ತಿರಲಿಲ್ಲ. ಬಾಲ ಕೋಲಿನಂತೆ ಸೆಟೆದಿತ್ತು, ಮುಟ್ಟಿದರೆ ಚೀರಿತು. ಪರೇಲಿನ ಪ್ರಾಣಿಗಳ ಡಾಕ್ಟರ ಬಳಿ ಒಯ್ದೆ.

ಎಕ್ಸ್‌ರೇ ತೋರಿಸಿ ಅವರು ಹೇಳಿದ್ದು ಕೇಳಿ ಮೈ ಉರಿಯಿತು. ಸ್ಕಾಟ್ಲೆಂಡಿನ ಹಳ್ಳಿಮನೆಯೊಂದರಲ್ಲಿ ಇಂಥ ಕಿವಿಯ ಬಿಳಿ ಬೆಕ್ಕು ಸಿಕ್ಕಿತಂತೆ. ಚಂದ ಕಂಡಿತೆಂದು ಅದರ ಮರಿಮರಿಗಳಿಂದ ತಳಿಯನ್ನೇ ಬೆಳೆಸಿದರಂತೆ. ಆದರೆ ಕಿವಿ ಮಡಚುವುದು ಮೆದುಮೂಳೆಯ ದೋಷದಿಂದ. ಅದೇ ದೋಷ ಕಾಲು, ಬಾಲದ ಕೀಲುಗಳಲ್ಲೂ ಇರುತ್ತದೆ. ನಾವು ನಕ್ಕು ಫೋಟೊ ತೆಗೆದ ಆ ಭಂಗಿ, ನೋಯುವ ಕಾಲಿಗೆ ಅದು ಕಂಡುಕೊಂಡ ಉಪಾಯವಂತೆ.

ಅಲ್ಲಿಂದಲೇ ಫೋನ್ ಮಾಡಿದೆ. “ಇದಕ್ಕೆ ಮರಿ ಬೇಡ ಮಾರಾಯ್ತಿ. ಮೈಯೆಲ್ಲ ನೋವುಂಟು ಇದಕ್ಕೆ.”

“ಎಂತ ಅತ್ತಿಗೆ ನೀವು! ಮರಿಗಳು ಆಲ್ರೆಡಿ ಬುಕ್ ಆಗಿವೆ. ಡಾಕ್ಟರ್ ಲೋಗ್ ಸುಮ್ನೆ ಹೆದರಿಸ್ತಾರೆ.”

“ಮರಿಗಳಿಗೂ ಇದೇ ನೋವು ಬಂದ್ರೆ?”

“ತಗೊಂಡವರು ನೋಡ್ಕೊಳ್ತಾರೆ ಬಿಡಿ.”

ನಾನು ಫೋನ್ ಇಟ್ಟೆ. ಬೆಕ್ಕು ನನ್ನದೇ ಎಂದು ಡಾಕ್ಟರಿಗೆ ಸುಳ್ಳು ಹೇಳಿ, ಮರಿಯಾಗದಂತೆ ಆಪರೇಷನ್ ಮಾಡಿಸಿದೆ.

ಊರಿಂದ ಬಂದವಳೇ ನಾದಿನಿ ಬೆಕ್ಕಿನ ಹೊಟ್ಟೆಯ ಹೊಲಿಗೆ ನೋಡಿ ಬಾಗಿಲಲ್ಲೇ ನಿಂತು ಕೂಗಾಡಿದಳು. “ಯಾರನ್ನು ಕೇಳಿ ಮಾಡಿಸಿದ್ದು?”

“ಮರಿ ಬೇಡ ಅಂತ ನಿನಗೆ ಹೇಳಿದ್ದೆನಲ್ಲ. ಈಗ ಕರ್ಕೊಂಡು ಹೋಗು. ದಿನಾ ಔಷಧಿ ಹಾಕಬೇಕು.”

“ಇನ್ನು ಅದು ನನಗೆ ಯಾಕೆ?” ಎಂದು ಹೊರಟೇಹೋದಳು.

ಬೆಕ್ಕು ನಮ್ಮಲ್ಲೇ ಉಳಿಯಿತು. ಔಷಧಿಯಿಂದ ನೋವು ಸ್ವಲ್ಪ ತಗ್ಗಿದೆ, ಪೂರ್ತಿ ಹೋಗುವುದಿಲ್ಲ. ನನಗೂ ನಾದಿನಿಗೂ ಲಿಫ್ಟಿನಲ್ಲಿ ಎದುರಾದರೂ ಮಾತಿಲ್ಲ. “ನನ್ನ ತಂಗಿ ಅಲ್ವಾ, ನೀನೇ ಒಂದು ಸಲ ತಪ್ಪಾಯ್ತು ಅಂತ ಹೇಳಿ ಮುಗಿಸು” ಎನ್ನುತ್ತಾರೆ ಗಂಡ. ಯಾಕೆ ಹೇಳಲಿ?

ಮೊನ್ನೆ ಅವಳ ಮನೆಗೆ ಅಂಥದೇ ಇನ್ನೊಂದು ಬೆಕ್ಕು ಬಂದಿದೆಯೆಂದು ತಿಳಿಯಿತು. ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿದೆ. ಬಾಗಿಲಿನ ಚೈನು ತೆಗೆಯದೆ ಸಂದಿಯಿಂದಲೇ ನಾದಿನಿ ಹೇಳಿದಳು: “ಇದು ನಿಮ್ಮ ಕೈಗೆ ಸಿಗುವುದಿಲ್ಲ ಅತ್ತಿಗೆ.”

ಬಾಗಿಲು ಮುಚ್ಚಿತು. ನಾನು ಮತ್ತೆ ಬೆಲ್ ಒತ್ತಿದೆ.