ಬುಲ್‌ಬುಲ್ ಬಂದ ಮಧ್ಯಾಹ್ನ

ನನ್ನ ಹೆಂಡತಿಗೆ ಡಯಾಲಿಸಿಸ್ ಶುರುವಾದ ಮೇಲೆ ನಮ್ಮ ವಾರವೆಲ್ಲ ಚೆಂಬೂರಿನ ಮನೆಗೂ ಪರೇಲಿನ ಆಸ್ಪತ್ರೆಗೂ ಓಡಾಡುವುದರಲ್ಲೇ ಕಳೆಯುತ್ತಿತ್ತು. ಆಸ್ಪತ್ರೆಯಿಂದ ಬಂದ ದಿನ ಅವಳು ಮಲಗಿಬಿಡುತ್ತಿದ್ದಳು. ನಾನು ಗಂಜಿ ಬೇಯಿಸಿ, ಪಾತ್ರೆ ತೊಳೆದು, ಗೋಡೆಗೆ ಒರಗಿದರೆ ಏಳಲಾಗುತ್ತಿರಲಿಲ್ಲ.

ನಮ್ಮದು ಬಿಲ್ಡಿಂಗಿನ ತಳಮಹಡಿ. ಹಿಂಬಾಗಿಲ ಆಚೆ ಒಂದು ಚೂರು ಅಂಗಳ, ಅದರಲ್ಲೊಂದು ಪೇರಳೆ ಗಿಡ. ಕಾಯಿಲೆಗೆ ಮೊದಲೇ ಅವಳು ಆ ಗಿಡಕ್ಕೆ ಮಣ್ಣಿನ ತಟ್ಟೆ ಕಟ್ಟಿ ಹಕ್ಕಿಗಳಿಗೆ ಅಕ್ಕಿ, ಹಣ್ಣು ಇಡುತ್ತಿದ್ದಳು. ಈಗ ಅದೂ ನನ್ನ ಕೆಲಸವಾಯಿತು. ಜುಟ್ಟಿನ ಬುಲ್‌ಬುಲ್ ಒಂದು ಪಪ್ಪಾಯಿಗೆಂದು ಬರುತ್ತಿತ್ತು. ಮಂಚದಲ್ಲಿ ಮಲಗಿದಲ್ಲಿಂದಲೇ ಅವಳು ಅದರ ದಾರಿ ಕಾಯುತ್ತಿದ್ದಳು.

"ಅದರದ್ದೊಂದು ಫೋಟೋ ತೆಗೀರಿ ಮಾರಾಯ್ರೆ. ಆಸ್ಪತ್ರೆಯಲ್ಲಿ ನೋಡ್ಲಿಕ್ಕೆ ಆಗ್ತದೆ" ಎಂದಳು.

ಕಾಂದಿವಲಿಯಲ್ಲಿರುವ ಅಕ್ಕನ ಮಗನ ಹಳೆಯ ಡಿಜಿಟಲ್ ಕ್ಯಾಮೆರಾ ತಂದೆ. ನಾನು ಗುರಿಯಿಡುವಷ್ಟರಲ್ಲಿ ಹಕ್ಕಿ ಹಾರಿಹೋಗುತ್ತಿತ್ತು. ಸಿಕ್ಕಿದ್ದೆಲ್ಲ ಅಲುಗಾಡಿದ ಎಲೆ, ಮಸುಕು ಬಾಲ. ಇಲ್ಲವೇ ಪಾರಿವಾಳ.

ಆ ಪಾರಿವಾಳಗಳೇ ತೊಂದರೆಯಾದವು. ಅವುಗಳ ಹಿಕ್ಕೆಯ ಧೂಳು ಇವಳ ಎದೆಗೆ ಒಳ್ಳೆಯದಲ್ಲ, ಹತ್ತಿರ ಸೇರಿಸಬೇಡಿ ಎಂದರು ಡಾಕ್ಟರು. ಅಕ್ಕಿ ಹಾಕುವುದನ್ನು ಬಿಟ್ಟೆ. ಆದರೂ ಅವು ಬಂದು ತಟ್ಟೆ ತುಂಬ ಕೂರುತ್ತಿದ್ದವು.

"ನಾಳೆ ತಟ್ಟೆ ಬಿಚ್ಚುತ್ತೇನೆ" ಎಂದೆ.

"ಬಿಚ್ಚಿ. ಇವತ್ತೊಂದು ದಿನ ನೋಡಿ, ಬುಲ್‌ಬುಲ್ ಬರ್ತದಾ ಅಂತ" ಎಂದಳು.

ಊಟವಾದ ಮೇಲೆ ಹಿಂಬಾಗಿಲಲ್ಲಿ ಸ್ಟೂಲ್ ಹಾಕಿ ಕೂತೆ. ಪಾರಿವಾಳಗಳನ್ನು ಓಡಿಸಿ ಓಡಿಸಿ ಕೈ ಸೋತಿತು. ಯಾವಾಗ ಕಣ್ಣು ಮುಚ್ಚಿತೋ ಗೊತ್ತಿಲ್ಲ. ಎಚ್ಚರವಾದಾಗ ತೊಡೆಯ ಮೇಲಿದ್ದ ಕ್ಯಾಮೆರಾ ಇರಲಿಲ್ಲ. ಎದ್ದು ಬಂದು ಅದನ್ನು ಎತ್ತಿಕೊಂಡು ಹೋದವಳು ಮಂಚದ ಅಂಚಿನಲ್ಲಿ ಕೂತು ಏದುಸಿರು ಬಿಡುತ್ತಿದ್ದಳು.

"ಏಳ್ಲಿಕ್ಕೆ ಯಾರು ಹೇಳಿದ್ದು ನಿನಗೆ? ಬಿದ್ದಿದ್ದರೆ?"

"ಬೈಬೇಡಿ. ಬಂದಿತ್ತು."

ಫೋಟೋದಲ್ಲಿ ಮುಕ್ಕಾಲು ಭಾಗ ನಾನೇ. ಬಾಗಿಲ ಚೌಕಟ್ಟಿಗೆ ತಲೆ ಆನಿಸಿ ಬಾಯಿ ತೆರೆದು ಮಲಗಿದ್ದೇನೆ. ನನ್ನ ಭುಜದ ಆಚೆ ತಟ್ಟೆಯ ಅಂಚಿನಲ್ಲಿ ಬುಲ್‌ಬುಲ್, ಕೆನ್ನೆಯ ಕೆಂಪು ಕೂಡ ಸ್ಪಷ್ಟವಾಗಿತ್ತು. ನನ್ನ ಮುಖ ಅಷ್ಟು ಮುದಿಯಾದದ್ದು ನನಗೆ ಅದುವರೆಗೆ ತಿಳಿದಿರಲಿಲ್ಲ. ಕ್ಯಾಮೆರಾ ತೆಗೆದಿಟ್ಟು ಅವಳನ್ನು ಮಲಗಿಸಿದೆ.

ಮರುದಿನ ಬೆಳಿಗ್ಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ತಟ್ಟೆ ಬಿಚ್ಚಿದೆ, ಅಂಗಳ ತೊಳೆದೆ. ಆಮೇಲೆ ಟ್ಯಾಕ್ಸಿ ಹಿಡಿದು ಪರೇಲಿಗೆ ಹೋದೆವು. ಯಂತ್ರಕ್ಕೆ ನಳಿಗೆ ಜೋಡಿಸುತ್ತಿದ್ದ ಸಿಸ್ಟರ್‌ಗೆ ಅವಳು ಕ್ಯಾಮೆರಾದಲ್ಲೇ ಆ ಫೋಟೋ ತೋರಿಸಿದಳು.

"ಆಂಟಿ, ಇಸ್ ಮೇ ಪಂಛಿ ಕಹಾಂ ಹೈ?" ಹಕ್ಕಿ ಎಲ್ಲಿ ಎಂದು ಸಿಸ್ಟರ್ ಹುಡುಕಿದಳು.

"ಪೀಛೇ ದೇಖೋ. ಆಗೇ ತೋ ಮೇರಾ ಆದ್ಮಿ ಹೈ, ಥಕ್ ಗಯಾ ಬೇಚಾರಾ" ಎಂದಳು ನನ್ನ ಹೆಂಡತಿ; ಹಕ್ಕಿ ಹಿಂದಿದೆ, ಮುಂದಿರುವುದು ನನ್ನ ಗಂಡ, ಪಾಪ ದಣಿದುಬಿಟ್ಟಿದ್ದಾರೆ ಅಂತ.

ನಾನು ಹೊರಗೆ ಬಂದು ಬೆಂಚಿನ ಮೇಲೆ ಕೂತೆ.