ಬಾಗಿಲ ಮೊಳಕ್ಕೆ ಒಂದು ಬೆರಳು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಈಗಲೂ ಎಲ್ಲರೂ ಅನ್ನುತ್ತಾರೆ. ಅನ್ನಲಿ. ಐವತ್ತರ ದಶಕದಲ್ಲಿ ಹಾಲಹರವಿ ಕಡೆಯ ಹಳ್ಳಿಯೊಂದಕ್ಕೆ ಸೊಸೆಯಾಗಿ ಹೋಗಿ, ಆ ಊರಬಾವಿಯ ಉಪ್ಪುನೀರು ಬಾಯಿಗಿಟ್ಟಿದ್ದರೆ ಅವರಿಗೂ ಬರುತ್ತಿತ್ತು. ಸಿಹಿನೀರಿನ ಬಾವಿ ಇದ್ದದ್ದು ಒಂದೇ, ಮನೆಯ ಹಿಂದಿನ ಹೊಲದಲ್ಲಿ. ಅದು ಬಿಟ್ಟರೆ ಒಂದು ಮೈಲು ದೂರದ ಹಳ್ಳದ ಒರತೆ. ಆ ಬಾವಿ ಯಾರದೆಂದು ನಮ್ಮ ಮಾವನಿಗೂ ಅವರ ತಮ್ಮ ಚಿಕ್ಕಮಾವನಿಗೂ ಜಗಳ ಹತ್ತಿತು. ಸೋತವರಿಗೆ ಹಗ್ಗ ಇಳಿಸಲು ಬಿಡುವುದಿಲ್ಲ ಎಂದು ಇಬ್ಬರೂ ನಾಲ್ಕು ಜನರ ಮುಂದೆ ಆಡಿಬಿಟ್ಟಿದ್ದರು. ಅವರು ಮಾನದ ಮಾತಾಡುತ್ತಿದ್ದರು. ನೀರು ಹೊರುವವಳು ನಾನು. ನನಗೆ ನನ್ನ ನೆತ್ತಿಯ ಚಿಂತೆ.

ಆದೋನಿಯಿಂದ ಸರ್ವೇಯರ್ ಸರಪಳಿ ತಂದ. ಹಳೆಯ ಪಾಲುಪತ್ರದಲ್ಲಿ ಬೇವಿನ ಮರದಿಂದ ಮೂಡಲಿಗೆ ಇಪ್ಪತ್ತೆರಡು ಮಾರು ಹಿರಿಯನಿಗೆ, ಆಚೆಯದು ಕಿರಿಯನಿಗೆ ಎಂದಿತ್ತು. ಮಾರು ಅಂದರೆ ಎರಡೂ ಕೈ ಚಾಚಿದಷ್ಟು, ನಾಲ್ಕು ಮೊಳ. ಸರ್ವೇಯರನ ಲೆಕ್ಕದಲ್ಲಿ ಮೊಳಕ್ಕೆ ಒಂದೂವರೆ ಅಡಿ, ಮಾರಿಗೆ ಆರು ಅಡಿ, ಹನ್ನೊಂದು ಮಾರಿಗೆ ಒಂದು ಸರಪಳಿ. ಸರಿಯಾಗಿ ಎರಡು ಸರಪಳಿ ಎಳೆಸಿ ಗೂಟ ಹೊಡೆಸಿದ. ಬಾವಿ ನಮ್ಮ ಕಡೆ ಬಿತ್ತು. ಮಜ್ಜಿಗೆ ತಂದು ನಿಂತಿದ್ದ ನನಗೆ ಕುಣಿಯುವಷ್ಟು ಖುಷಿ.

ಚಿಕ್ಕಮಾವ ಬಿಡಲಿಲ್ಲ. “ಸರ್ಕಾರದ ಮೊಳ ಯಾರಿಗೆ ಬೇಕ್ರಿ? ಪತ್ರದಾಗ ಕೆಳಗ ಓದ್ರಿ, ಮನೀ ಬಾಗಿಲ ಮೊಳದ ಪ್ರಕಾರ ಅಂತ ಐತಿ. ನಮ್ಮಪ್ಪ ಕುಳ್ಳ ಇದ್ದ!”

ಆ ಬಾಗಿಲು ನಾವಿದ್ದ ಮನೆಯದೇ. ಎಮ್ಮಿಗನೂರಿನಿಂದ ಬಟ್ಟೆ ಮಾರಲು ಮೋಟು ಕೈಯವರನ್ನೇ ಆರಿಸಿ ಕಳಿಸುತ್ತಾರೆಂದು ಅನುಮಾನಪಟ್ಟ ಮಾವನ ಅಪ್ಪ, ತನ್ನ ಮೊಣಕೈಯಿಂದ ನಡುಬೆರಳಿನ ತುದಿಯವರೆಗಿನ ಅಳತೆಗೆ ಬಾಗಿಲ ಚೌಕಟ್ಟಿನಲ್ಲಿ ಎರಡು ಕಚ್ಚು ಹಾಕಿಟ್ಟಿದ್ದ. ಮನೆಗೆ ಬಂದ ಬಟ್ಟೆ, ಹಗ್ಗ ಎಲ್ಲಕ್ಕೂ ಅದೇ ಮೊಳ.

“ಸರೇ, ಆ ತಲುಪೇ ಚೂದ್ದಾಂ ಪದಂಡಿ,” ಎಂದು ಸರ್ವೇಯರ್ ತೆಲುಗಿನಲ್ಲಿ ಬಾಗಿಲು ನೋಡಲು ಒಪ್ಪಿ, ಮೊದಲು ಮಜ್ಜಿಗೆ ಕುಡಿಯಲು ಕೂತ.

ಕುಳ್ಳನ ಮೊಳ! ಮೊಳ ಗಿಡ್ಡಾದರೆ ಗೂಟ ಹಿಂದೆ ಸರಿದು ಬಾವಿ ಅವರ ಪಾಲಾಗುತ್ತದೆ. ಬದುವಿನ ಮೇಲೆ ಓಡಿ ಮನೆಗೆ ಬಂದೆ. ಅಳೆದು ನೋಡುವಷ್ಟು ತಾಳ್ಮೆ ನನಗೆಲ್ಲಿಯದು? ಕುಡುಗೋಲಿನ ತುದಿಯಿಂದ ಮೇಲಿನ ಕಚ್ಚಿಗಿಂತ ಒಂದು ಬೆರಳು ಮೇಲೆ ಹೊಸ ಕಚ್ಚು ಕೊರೆದೆ. ಹಳೆಯದಕ್ಕೆ ಮೇಣ ತುಂಬಿ, ಎರಡರ ಮೇಲೂ ಎಣ್ಣೆ ಅರಿಶಿನ ಬಳಿದೆ. ಕುಂಕುಮ ಇಟ್ಟು ಕೈಯನ್ನೂ ಮುಗಿದೆ ಅನ್ನಿ.

ಎಲ್ಲರೂ ಬಂದರು. ಸರ್ವೇಯರ್ ಅಡಿಪಟ್ಟಿ ಇಟ್ಟು, ಹದಿನೆಂಟು ಮುಕ್ಕಾಲು ಇಂಚು ಎಂದ. ಶಾಲೆಯಲ್ಲಿ ಮುಕ್ಕಾಲರ ಮಗ್ಗಿ ಉರು ಹೊಡೆದವಳು ನಾನು. ಬೆರಳಿಗೆ ಮುಕ್ಕಾಲು ಇಂಚು ಕಳೆದೆ. ಹದಿನೆಂಟು! ಸರ್ಕಾರದ ಮೊಳಕ್ಕೂ ಅದಕ್ಕೂ ಕೂದಲೆಳೆಯ ಅಂತರವಿಲ್ಲ. ಅಜ್ಜ ಕುಳ್ಳನಿದ್ದರೂ ಕೈ ಉದ್ದವಿತ್ತು. ನಾನು ತೆಪ್ಪಗೆ ಮಜ್ಜಿಗೆ ಹಂಚುತ್ತ ನಿಂತಿದ್ದರೂ ಬಾವಿ ನಮ್ಮದೇ ಆಗುತ್ತಿತ್ತು.

ಅಷ್ಟರಲ್ಲಿ ಸರ್ವೇಯರ್ ಗುಣಿಸಿ ಮುಗಿಸಿದ್ದ. ಇಪ್ಪತ್ತೆರಡು ಮಾರಿಗೆ ಎಂಬತ್ತೆಂಟು ಮೊಳ, ಮೊಳಕ್ಕೆ ಮುಕ್ಕಾಲು ಇಂಚು ಹೆಚ್ಚು, ಒಟ್ಟು ಐದೂವರೆ ಅಡಿ. ನನ್ನ ಒಂದು ಬೆರಳು ಅಷ್ಟಾಗಿತ್ತು! ಗೂಟ ಮೊದಲಿದ್ದ ಜಾಗದಿಂದ ಅಷ್ಟು ಮುಂದೆ ಹೋಗಿ ಚಿಕ್ಕಮಾವನ ಎತ್ತುಗಳು ಮೇವು ತಿನ್ನುವ ಗ್ವಾದಲಿಯ ನಟ್ಟನಡುವೆ ನಿಂತಿತು. ಅವರೇ ಕೇಳಿ ಹಾಕಿಸಿದ ಅಳತೆ! ನಮ್ಮ ಮಾವನಿಗೇ ಮುಜುಗರವಾಗಿ, “ತಮ್ಮನ ಗ್ವಾದಲಿ ನನಗ್ಯಾಕ್ರಿ? ಎಲ್ಡ ಸರಪಳೀನ ಸಾಕು,” ಎಂದು ಗೂಟವನ್ನು ಮೊದಲಿದ್ದಲ್ಲಿಗೇ ಹಾಕಿಸಿದರು.

ಚಿಕ್ಕಮಾವನ ಹೆಂಡತಿ ಚಿಕ್ಕತ್ತೆ ಮಾತ್ರ ಬಾವಿಯತ್ತಲೇ ನೋಡುತ್ತ ನಿಂತಿದ್ದರು. ಅವರಿಗೆ ಮೊಣಕಾಲು ನೋವು, ಮನೆಯಲ್ಲಿ ಸೊಸೆಯಿಲ್ಲ. ಇನ್ನು ಹಳ್ಳಕ್ಕೆ ನಡೆಯುವವರು ಅವರೇ. ಸುಳ್ಳೇಕೆ, ಆಗ ನನಗೆ ನಾಚಿಕೆಯಾಯಿತು.

ಎಲ್ಲರೂ ಚದುರಿದ ಮೇಲೆ ನಮ್ಮ ಅತ್ತೆ ಚೌಕಟ್ಟಿನ ಮೇಲೆ ಬೆರಳಾಡಿಸಿದರು. ಹೊಸ್ತಿಲಲ್ಲಿ ಬಿದ್ದಿದ್ದ ಕಟ್ಟಿಗೆಯ ಪುಡಿ ನೋಡಿದರು. ಆಮೇಲೆ ನನ್ನನ್ನು ನೋಡಿದರು.

“ಅಲಲಾ! ನಮ್ಮ ಮಾವ ಸತ್ತ ಮ್ಯಾಲ ಒಂದ ಬೆರಳ ಬೆಳದಾರಲ್ಲ!” ಎಂದರು. “ಬಾಯಿ ಬಿಟ್ರ ಮನೀ ಮಾನ ಹೋಗ್ತೈತಿ. ನಾಳಿಂದ ಚಿಕ್ಕತ್ತಿ ಮನಿಗೆ ದಿನಾ ಎಲ್ಡ ಕೊಡ ನೀರು ನೀನ ಹಾಕಬೇಕು. ಯಾರರ ಕೇಳಿದ್ರ, ನಮ್ಮತ್ತಿ ಹೇಳ್ಯಾರ ಅನ್ನು.”

ನೆತ್ತಿ ಉಳಿಸಿಕೊಳ್ಳಲು ಹೋದವಳಿಗೆ ಎರಡು ಕೊಡ ಹೆಚ್ಚಾಯಿತು. ಮರುದಿನ ಬುಸುಗುಡುತ್ತಲೇ ಹೊತ್ತು, ಚಿಕ್ಕತ್ತೆಯ ಅಂಗಳದಲ್ಲಿ ಇಳಿಸಿದೆ. ಅವರು ಬಗ್ಗಿ ನೋಡಿ, ಕೊಡದ ಬಾಯಿಗೂ ನೀರಿಗೂ ನಡುವೆ ಬೆರಳನ್ನು ಅಡ್ಡ ಹಿಡಿದರು.

“ಒಂದ ಬೆರಳ ಕಡಿಮಿ ಐತಲ್ಲವಾ,” ಎಂದರು. “ಅಳತಿ ಬಲ್ಲಾಕಿ ನೀನು, ನಿನಗ ನಾ ಹೇಳಬೇಕಾ?”

ಕೊಡ ಎತ್ತಿಕೊಂಡು ಮತ್ತೆ ಬಾವಿಗೆ ಹೋದೆ.