ಜೊತೆಗೆ ಬಂದವರ ಸಹಿ

ಗೆಳೆಯರೇ, ಇವತ್ತು ಬೆಳಿಗ್ಗೆ ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ನನಗೊಬ್ಬ ಅಕ್ಕ ಸಿಕ್ಕಳು.

ಒಂದು ವಾರದಿಂದ ನನ್ನ ಎಡಗಾಲಿನ ಮೀನಖಂಡ ಬಾತಿತ್ತು. ಸ್ಕ್ಯಾನಿಂಗ್ ನೋಡಿದ ಡಾಕ್ಟರು, ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ಅದು ಶ್ವಾಸಕೋಶಕ್ಕೆ ಹೋಗುವ ಮೊದಲೇ ಅಡ್ಮಿಟ್ ಆಗಿ ಎಂದರು. ನರ್ಸ್ ಫಾರಂ ಹಿಡಿದು ಬಂದಳು.

"ಜತಿಗೆ ಯಾರು ಬಂದಾರ್ರಿ? ಅವರ ಸಹಿ ಬೇಕು."

ಯಾರೂ ಇಲ್ಲ ಎಂದೆ.

"ಹಂಗಂದ್ರ ಹೆಂಗ್ರಿ? ಫೋನ್ ಮಾಡಿ ಯಾರನ್ನಾರ ಕರಸ್ರಿ."

ಫೋನು ತೆಗೆದು ಹೆಸರುಗಳನ್ನು ಮೇಲಿಂದ ಕೆಳಗಿನವರೆಗೆ ನೋಡಿದೆ. ನಿಮ್ಮ ಹೆಸರುಗಳೂ ಇದ್ದವು. ಯಾರನ್ನೂ ಕರೆಯಲು ಬೆರಳು ಏಳಲಿಲ್ಲ.

ಗಂಡನ ಕಾಲಿನ ಗಾಯ ತೋರಿಸಲು ರಾರಾವಿಯಿಂದ ಬಂದಿದ್ದ ಹೆಂಗಸೊಬ್ಬಳು ಪಕ್ಕದ ಬೆಂಚಿನಿಂದ ಎದ್ದಳು. "ತರ್ರಿ ಇಲ್ಲಿ, ನಾನ ಹೆಬ್ಬಟ್ಟು ಒತ್ತತೀನಿ. ಅಕ್ಕ ಅಂತ ಬರಕೊಳ್ರಿ."

ನರ್ಸ್ ಹಾಗೆಯೇ ಬರೆದುಕೊಂಡಳು. ಆಮೇಲೆ ನನ್ನನ್ನು ಬಿಟ್ಟು ಅವಳಿಗೇ ನನ್ನ ಕಾಯಿಲೆಯನ್ನು ವಿವರಿಸಿದಳು. ಎಲ್ಲವನ್ನೂ ಗಮನವಿಟ್ಟು ಕೇಳಿದ ಅಕ್ಕ ನನ್ನ ಕಡೆ ತಿರುಗಿದಳು.

"ವಾರದಿಂದ ಕಾಲು ಬಾತೈತಿ, ಬಾಯಿ ಇರಲಿಲ್ಲೇನಲೇ ನಿನಗ? ಮನಿಯಾಗ ಒಬ್ಬರಿಗಾರ ಹೇಳಬಾರದಾ?"

"ತಪ್ಪಾತಕ್ಕ" ಎಂದೆ.

ಅಷ್ಟರಲ್ಲಿ ಅವಳ ಗಂಡನ ಸರದಿ ಬಂತು. ಅವನ ರಟ್ಟೆ ಹಿಡಿದುಕೊಂಡು ಒಳಗೆ ಹೋದಳು.

ವಾರ್ಡಿನ ಹಾಸಿಗೆಯಿಂದ ಇದನ್ನು ಬರೆಯುತ್ತಿದ್ದೇನೆ. ರಕ್ತ ತೆಳುವಾಗುವ ಮಾತ್ರೆಯನ್ನು ಆರು ತಿಂಗಳು ನುಂಗಬೇಕಂತೆ. ಬೈಗುಳ ಮಾತ್ರ ಒಂದೇ ಹೊತ್ತಿನದು ಸಿಕ್ಕಿತು.